ಒಂದೇ ಖರ್ಚಿಗೆ ಎರಡು ವಸೂಲಿ: ವಿಜಯಾ ಬ್ಯಾಂಕ್ ತೀರ್ಪು ಮತ್ತು ತರಬೇತಿ ಬಾಂಡ್

2025ರ ಮೇ 14ರಂದು ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಕೊಟ್ಟ ತೀರ್ಪಿಗೆ ಅದರ ಯೋಗ್ಯತೆಯನ್ನು ಮೀರಿದ ಹೆಸರು ಬಂದಿದೆ. ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜಯಮಾಲ್ಯ ಬಾಗ್ಚಿ ಅವರಿದ್ದ ಪೀಠದ ಈ ತೀರ್ಪನ್ನು ಕಾನೂನು ಅಂಕಣಕಾರರು, ಎಚ್‌ಆರ್ ಸಲಹೆಗಾರರು, ಕಾಲೇಜುಗಳ ಉದ್ಯೋಗ ಮಾರ್ಗದರ್ಶಕರು ಎರಡೇ ಪದಕ್ಕೆ ಇಳಿಸಿಬಿಟ್ಟಿದ್ದಾರೆ: ಬಾಂಡ್ ಸಿಂಧು. ಡಿಗ್ರಿ ಮುಗಿಸಿ ಮೊದಲ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಂದ ಅವಧಿಗೆ ಮುಂಚೆ ಬಿಟ್ಟರೆ ತರಬೇತಿಯ ಖರ್ಚು ಕಟ್ಟಬೇಕೆಂದು ಐವತ್ತು ಸಾವಿರಕ್ಕೋ ಎರಡು ಲಕ್ಷಕ್ಕೋ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವ ಪದ್ಧತಿಗೆ ದೇಶದ ಅತ್ಯುನ್ನತ ನ್ಯಾಯಾಲಯದ ಮುದ್ರೆ ಬಿದ್ದಿದೆ ಎಂಬ ಮಾತು ಚಾಲ್ತಿಗೆ ಬಂದಿದೆ. ತೀರ್ಪನ್ನು ಪೂರ್ತಿ ಓದಿದರೆ ಈ ಮಾತು ನಿಲ್ಲುವುದಿಲ್ಲ. ಆ ಪ್ರಕರಣದಲ್ಲಿ ತರಬೇತಿಯ ಖರ್ಚಿನ ಪ್ರಶ್ನೆಯೇ ಇರಲಿಲ್ಲ. ಮೊದಲ ಸಲ ಕೆಲಸಕ್ಕೆ ಸೇರಿದವರೂ ಯಾರೂ ಇರಲಿಲ್ಲ. ತರಬೇತಿ ಬಾಂಡು ನ್ಯಾಯವೋ ಅನ್ಯಾಯವೋ ಎಂಬುದನ್ನು ತರಬೇತಿ ಕಾಲದಲ್ಲಿ ಕೊಟ್ಟ ಸಂಬಳದ ಜೊತೆಗಿಟ್ಟು ನೋಡದೆ ತೀರ್ಮಾನಿಸಲಾಗದು ಎಂಬುದು ನನ್ನ ವಾದ. ಆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ, ಒಂದೇ ಖರ್ಚನ್ನು ಒಬ್ಬನಿಂದಲೇ ಎರಡು ಸಲ ವಸೂಲು ಮಾಡುವ ಏರ್ಪಾಡು ಎದ್ದು ಕಾಣುತ್ತದೆ.

ಪ್ರಕರಣದ ಸಂಗತಿಗಳು ಸರಳ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕು 2006ರಲ್ಲಿ ಬೇರೆ ಬೇರೆ ದರ್ಜೆಗಳ 349 ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಮೂರು ವರ್ಷ ತುಂಬುವ ಮೊದಲು ಬಿಟ್ಟು ಹೋದರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತು ಪ್ರಕಟಣೆಯಲ್ಲೇ ಇತ್ತು. ಅದೇ ಬ್ಯಾಂಕಿನಲ್ಲಿ ಮೊದಲೇ ಅಧಿಕಾರಿಯಾಗಿದ್ದ ಒಬ್ಬರು ಕಾಸ್ಟ್ ಅಕೌಂಟೆಂಟ್ ವಿಭಾಗದ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಆಯ್ಕೆಯಾಗಿ 2007ರ ಸೆಪ್ಟೆಂಬರ್ 28ರಂದು ಸೇರಿದರು. 2009ರ ಜುಲೈನಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು, ಅಕ್ಟೋಬರ್‌ನಲ್ಲಿ ಪ್ರತಿಭಟನೆಯೊಂದಿಗೆ ಎರಡು ಲಕ್ಷ ಕಟ್ಟಿದರು, ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋದರು. ಬೆಮೆಲ್ ಸಂಸ್ಥೆಗೆ ಸಂಬಂಧಿಸಿದ ತನ್ನದೇ ಹಿಂದಿನ ತೀರ್ಪನ್ನು ಆಧರಿಸಿ ಹೈಕೋರ್ಟು ಅವರ ಪರವಾಗಿ ನಿಂತಿತು; ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕೆಲಸದಲ್ಲಿ ಇರುವಾಗಿನ ಕಟ್ಟುಪಾಡಿಗೂ ಬಿಟ್ಟ ಮೇಲಿನ ಕಟ್ಟುಪಾಡಿಗೂ ಇರುವ ವ್ಯತ್ಯಾಸ 1967ರ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಿಂದಲೂ ಎಲ್ಲರಿಗೂ ಗೊತ್ತಿರುವುದೇ. ವೃತ್ತಿಗೆ ತಡೆಯೊಡ್ಡುವ ಕರಾರುಗಳ ಕುರಿತ ಕರಾರು ಕಾಯ್ದೆಯ ಸೆಕ್ಷನ್ 27ರ ಆ ಚರ್ಚೆಯನ್ನು ಇಲ್ಲಿ ಮತ್ತೆ ಬೆಳೆಸಬೇಕಿಲ್ಲ. ಕನಿಷ್ಠ ಅವಧಿಯ ಷರತ್ತೊಂದೇ ವೃತ್ತಿ ಸ್ವಾತಂತ್ರ್ಯಕ್ಕೆ ತಡೆಯಾಗುವುದಿಲ್ಲ ಎಂಬ ಮಟ್ಟಿಗೆ ಪೀಠದ ನಿಲುವು ಹಳೆಯ ದಾರಿಯಲ್ಲೇ ಇದೆ, ಅದರಲ್ಲಿ ಆಕ್ಷೇಪಿಸುವಂಥದ್ದೂ ಇಲ್ಲ.

ತೀರ್ಪಿಗೆ ಹೆಸರು ತಂದದ್ದು ಬೇರೆ ಒಂದು ವಾಕ್ಯ. ತಂತ್ರಜ್ಞಾನದಿಂದ ಕೆಲಸದ ಸ್ವರೂಪವೇ ಬದಲಾಗುತ್ತಿದೆ, ನೌಕರರಿಗೆ ಹೊಸ ಕೌಶಲ ಕಲಿಸುವುದು ಮತ್ತು ವಿರಳವಾದ ಪರಿಣತರನ್ನು ಉಳಿಸಿಕೊಳ್ಳುವುದು ಸಾರ್ವಜನಿಕ ನೀತಿಯ ಹೊಸ ವಿಷಯಗಳಾಗಿ ಮೂಡುತ್ತಿವೆ, ಉದ್ಯೋಗದ ಕರಾರನ್ನು ಪರೀಕ್ಷಿಸುವಾಗ ಇವನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಬಾಂಡಿನ ಪರವಾಗಿ ಬಂದ ಬರಹಗಳೆಲ್ಲ ಹಿಡಿದುಕೊಂಡಿರುವುದು ಈ ವಾಕ್ಯವನ್ನೇ. ಆದರೆ ವಾಕ್ಯ ಕೂತಿರುವ ಜಾಗ ನೋಡಬೇಕು. ಅದಕ್ಕೆ ಮುಂಚೆಯಾಗಲಿ ಅನಂತರವಾಗಲಿ ಆ ಅಧಿಕಾರಿಗೆ ಬ್ಯಾಂಕು ಏನು ಕಲಿಸಿತು, ಎಷ್ಟು ದಿನ ಕಲಿಸಿತು, ಅದಕ್ಕೆ ಎಷ್ಟು ಖರ್ಚಾಯಿತು ಎಂಬ ಶೋಧನೆ ಇಲ್ಲ. ಎರಡು ಲಕ್ಷವನ್ನು ಪೀಠ ಎತ್ತಿಹಿಡಿದದ್ದು ಬೇರೆಯೇ ಕಾರಣಕ್ಕೆ. ಸಾರ್ವಜನಿಕ ವಲಯದ ಬ್ಯಾಂಕು ತನಗೆ ಬೇಕಾದವರನ್ನು ಖಾಸಗಿಯಾಗಿ ಕರೆದು ಕೂರಿಸಿಕೊಳ್ಳುವಂತಿಲ್ಲ; ಸಂವಿಧಾನದ ಸಮಾನತೆಯ ನಿಯಮಕ್ಕೆ ಒಳಪಟ್ಟು ಮುಕ್ತ ಸ್ಪರ್ಧೆಯಲ್ಲೇ ಆರಿಸಬೇಕು; ಒಬ್ಬರು ನಡುವೆ ಬಿಟ್ಟು ಹೋದರೆ ಆ ದೀರ್ಘ, ದುಬಾರಿ ಪ್ರಕ್ರಿಯೆಯನ್ನು ಮತ್ತೆ ನಡೆಸಬೇಕು. ಈ ಕಾರಣ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ. ಒಂದೇ ದಿನ ಒಂದು ಕಾಲೇಜಿಗೆ ಬಂದು ನೂರಾರು ಜನರನ್ನು ಆರಿಸಿಕೊಂಡು ಹೋಗುವ ಕಂಪನಿಗೆ ಅಂಥ ಸಾಂವಿಧಾನಿಕ ಹೊರೆಯೇನೂ ಇಲ್ಲ. ಎಂದಮೇಲೆ ಕೌಶಲದ ಕುರಿತ ಆ ವಾಕ್ಯ ತೀರ್ಮಾನದ ಭಾರ ಹೊತ್ತ ಕಂಬವಲ್ಲ. ಅದನ್ನು ತೆಗೆದು ಓದಿದರೂ ತೀರ್ಪು ಹಾಗೆಯೇ ನಿಲ್ಲುತ್ತದೆ. ತೆಗೆದರೂ ತೀರ್ಪು ಕದಲದ ಒಂದು ವಾಕ್ಯದ ಮೇಲೆ ಲಕ್ಷಾಂತರ ಹೊಸ ನೌಕರರ ಕರಾರುಗಳನ್ನು ನಿಲ್ಲಿಸಲು ಹೊರಟಿರುವುದು ವ್ಯಾಖ್ಯಾನಕಾರರ ತಪ್ಪು. ಅಷ್ಟು ವಿಶಾಲವಾದ ಮಾತನ್ನು ಅಷ್ಟು ಕಡಿಮೆ ಸಾಕ್ಷ್ಯದ ಮೇಲೆ ಆಡಿದ್ದು ಮಾತ್ರ ಪೀಠದ ತಪ್ಪೇ.

ಮೊತ್ತದ ವಿಚಾರದಲ್ಲಿ ತೀರ್ಪು ಇನ್ನೂ ದುರ್ಬಲ. ಆ ಅಧಿಕಾರಿ ಮಧ್ಯಮ ಶ್ರೇಣಿಯ ಹಿರಿಯ ದರ್ಜೆಯಲ್ಲಿದ್ದು ಒಳ್ಳೆಯ ಸಂಬಳ ಪಡೆಯುತ್ತಿದ್ದರು, ಅಂಥವರಿಗೆ ಎರಡು ಲಕ್ಷ ಕಟ್ಟಿ ಹೊರಡುವುದು ಅಸಾಧ್ಯವೇನಲ್ಲ ಎಂದು ಪೀಠ ಹೇಳುತ್ತದೆ. ಕಟ್ಟಬಲ್ಲರೇ ಎಂಬುದು ಒಂದು ಪ್ರಶ್ನೆ, ಕಟ್ಟಬೇಕಾದ್ದು ಎಷ್ಟು ಎಂಬುದು ಇನ್ನೊಂದು. ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಕರಾರಿನಲ್ಲಿ ಹೆಸರಿಸಿದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಲ್ಲುವುದು ನ್ಯಾಯೋಚಿತ ಪರಿಹಾರ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ, ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿದ್ದರೆ ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟೇ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಬಿಡಿಸಿ ಹೇಳಿತ್ತು. ವಿಜಯಾ ಬ್ಯಾಂಕಿನ ಷರತ್ತಾದರೋ ಸೇರಿದ ಮರುದಿನ ಬಿಟ್ಟವರಿಗೂ ಮೂವತ್ತೈದು ತಿಂಗಳು ದುಡಿದವರಿಗೂ ಒಂದೇ ದರ ಹಾಕುತ್ತದೆ. ಈ ಅಧಿಕಾರಿ ಮೂವತ್ತಾರು ತಿಂಗಳಲ್ಲಿ ಹತ್ತಿರ ಹತ್ತಿರ ಇಪ್ಪತ್ತೆರಡು ತಿಂಗಳು ಕೆಲಸ ಮಾಡಿದ್ದರು. ಉಳಿದ ಅವಧಿಗೆ ಮಾತ್ರ ಲೆಕ್ಕ ಹಾಕಿದ್ದರೆ ಎರಡು ಲಕ್ಷ ಸುಮಾರು 80 ಸಾವಿರಕ್ಕೆ ಇಳಿಯುತ್ತಿತ್ತು. ಇಂಥ ಲೆಕ್ಕ ನ್ಯಾಯಾಲಯಗಳಿಗೆ ಹೊಸದಲ್ಲ. 2011ರಲ್ಲಿ ದೆಹಲಿ ಹೈಕೋರ್ಟು ತೀರ್ಮಾನಿಸಿದ ಸಿಕ್ಪಾ ಕಂಪನಿಯ ಪ್ರಕರಣದಲ್ಲೂ ಬಾಂಡು ಎರಡು ಲಕ್ಷದ್ದೇ, ಅವಧಿಯೂ ಮೂರು ವರ್ಷವೇ. ಕಂಪನಿ ತೋರಿಸಿದ ಖರ್ಚು 67,595 ರೂಪಾಯಿ. ನೌಕರ ಎರಡು ವರ್ಷ ದುಡಿದಿದ್ದ. ಹಾಗಾಗಿ ಕೆಳ ನ್ಯಾಯಾಲಯ ಮೂರನೇ ಒಂದು ಭಾಗವನ್ನು, 22,532 ರೂಪಾಯಿಯನ್ನು ಮಾತ್ರ ಕೊಡಿಸಿತು. ಹೆಚ್ಚು ಕೇಳಿ ಬಂದ ಕಂಪನಿಯ ಮೇಲ್ಮನವಿಯನ್ನು ಹೈಕೋರ್ಟು ಒಪ್ಪಲಿಲ್ಲ. ಎರಡು ಲಕ್ಷ ಎಂದು ಕಾಗದದಲ್ಲಿದ್ದದ್ದು ಖರ್ಚಿನ ವಿವರ ಕೇಳಿದ ಕೂಡಲೇ ಒಂಬತ್ತರಲ್ಲಿ ಒಂದು ಭಾಗಕ್ಕೆ ಬಂದು ನಿಂತಿತು. ಹೊಸ ನೌಕರರ ಪಾಲಿಗೆ ದಾರಿ ತೋರಿಸುವ ತೀರ್ಪು ಇದು. ಇದರ ಸುದ್ದಿ ಕಾನೂನು ವಲಯದಾಚೆ ಹೋಗಿಲ್ಲ.

ವಿಜಯಾ ಬ್ಯಾಂಕ್ ತೀರ್ಪಿನಲ್ಲಿ ನಿಜಕ್ಕೂ ಬೆಲೆಯುಳ್ಳ ಭಾಗವೊಂದಿದೆ, ಅದನ್ನು ಯಾರೂ ಎತ್ತುವುದಿಲ್ಲ. ಮಾಲೀಕರು ಮೊದಲೇ ಅಚ್ಚು ಹಾಕಿಸಿಟ್ಟ, ಸಹಿ ಹಾಕು ಇಲ್ಲವೇ ಬಿಡು ಎನ್ನುವ ಮಾದರಿಯ ಉದ್ಯೋಗ ಕರಾರಿನಲ್ಲಿ ಎರಡೂ ಕಡೆಯವರ ಬಲ ಸಮಾನವಲ್ಲ ಎಂಬುದಕ್ಕೆ ಆ ಕರಾರಿನ ರೂಪವೇ ಮೇಲ್ನೋಟದ ಸಾಕ್ಷ್ಯ ಎಂದು ಪೀಠ ಒಪ್ಪುತ್ತದೆ. ನಿರ್ಬಂಧದ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ, ನೌಕರನ ಮೇಲೆ ಅಲ್ಲ. ಅಸಮಾನ ಬಲದವರ ನಡುವಿನ ಕರಾರುಗಳ ಕುರಿತ 1986ರ ಬ್ರೋಜೋನಾಥ್ ಪ್ರಕರಣದ ಧಾಟಿಯಲ್ಲೇ ಇರುವ ಈ ಮಾತು ಖಾಸಗಿ ಕಂಪನಿಯ ತರಬೇತಿ ಬಾಂಡಿಗೆ ನೇರವಾಗಿ ತಾಗುತ್ತದೆ. ಸರಿಯಾಗಿ ಓದಿದವರು ಬರೆಯಬೇಕಾಗಿದ್ದ ತಲೆಬರಹ 'ಬಾಂಡಿನ ಸಮರ್ಥನೆ ಇನ್ನು ಮಾಲೀಕರ ಹೊಣೆ' ಎಂಬುದು. ಹಾಗೆ ಬರೆದಿದ್ದರೆ ಆಫರ್ ಲೆಟರ್ ಕೈಗೆ ಬಂದ ಹುಡುಗಿಯೊಬ್ಬಳಿಗೆ ಎಚ್‌ಆರ್ ವಿಭಾಗಕ್ಕೆ ಒಂದು ಪ್ರಶ್ನೆ ಕೇಳುವ ಧೈರ್ಯ ಬರುತ್ತಿತ್ತು. ಬಂದ ತಲೆಬರಹಗಳು ಆ ಧೈರ್ಯವನ್ನು ಕುಗ್ಗಿಸಿದವು. ಇದು ನನಗೆ ಬರೀ ಓದಿನ ದೋಷವಾಗಿ ಕಾಣುವುದಿಲ್ಲ, ಅದರ ಪರಿಣಾಮ ಅನುಭವಿಸುವವರು ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿನವರು.

ಈಗ ಪದ್ಧತಿಗೇ ಬರೋಣ. ತರಬೇತಿ ಬಾಂಡಿರುವ ಆಫರ್ ಲೆಟರ್‌ನಲ್ಲಿ ಸಾಮಾನ್ಯವಾಗಿ ಎರಡು ಮಾತು ಬೇರೆ ಬೇರೆ ಪುಟಗಳಲ್ಲಿರುತ್ತವೆ. ಸಂಬಳದ ಪುಟದಲ್ಲಿ, ತರಬೇತಿ ಮುಗಿಯುವವರೆಗೆ ನೀವು ಟ್ರೈನಿ, ಆದ್ದರಿಂದ ಸ್ಟೈಪೆಂಡ್ ಇಷ್ಟು, ಕಾಯಂ ಆದ ಮೇಲೆ ಸಂಬಳ ಇಷ್ಟು ಎಂದಿರುತ್ತದೆ. ಕೊನೆಯ ಪುಟಗಳ ಅನುಬಂಧದಲ್ಲಿ, ಕಂಪನಿ ನಿಮ್ಮ ತರಬೇತಿಗೆ ದೊಡ್ಡ ಮೊತ್ತ ವೆಚ್ಚ ಮಾಡುತ್ತಿದೆ, ಆದ್ದರಿಂದ ಎರಡು ವರ್ಷಕ್ಕೆ ಮುಂಚೆ ಬಿಟ್ಟರೆ ಇಷ್ಟು ಕಟ್ಟಬೇಕು ಎಂದಿರುತ್ತದೆ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಆರು ತಿಂಗಳು ಸ್ಟೈಪೆಂಡ್ 15 ಸಾವಿರ, ಆಮೇಲೆ ಸಂಬಳ 25 ಸಾವಿರ, ಬಾಂಡು ಒಂದು ಲಕ್ಷ. ಮೊದಲ ಆರು ತಿಂಗಳು ತಿಂಗಳಿಗೆ 10 ಸಾವಿರ ಕಡಿಮೆ ಕೊಟ್ಟದ್ದು ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧ: ಈಗ ನೀವು ಕಲಿಯುತ್ತಿದ್ದೀರಿ, ಕಂಪನಿಗೆ ನಿಮ್ಮಿಂದ ಇನ್ನೂ ಆದಾಯವಿಲ್ಲ. ಸರಿ, ಆ ಉತ್ತರವನ್ನು ಒಪ್ಪಿದರೆ ಆರು ತಿಂಗಳಲ್ಲಿ 60 ಸಾವಿರ ರೂಪಾಯಿಯನ್ನು ನೌಕರ ತನ್ನ ಕಲಿಕೆಗೆಂದು ಆಗಲೇ ಕಟ್ಟಿದ್ದಾನೆ, ಕೈಗೆ ಬರಬೇಕಾದದ್ದನ್ನು ಬಿಟ್ಟುಕೊಟ್ಟು ಕಟ್ಟಿದ್ದಾನೆ. ಹದಿನೈದನೇ ತಿಂಗಳಲ್ಲಿ ಬಿಟ್ಟಾಗ ಅದೇ ಕಲಿಕೆಯ ಖರ್ಚೆಂದು ಒಂದು ಲಕ್ಷ ಕೇಳುವಾಗ ಈ 60 ಸಾವಿರ ಯಾವ ಲೆಕ್ಕದಲ್ಲೂ ಬರುವುದಿಲ್ಲ. ತರಬೇತಿ ಮುಗಿದ ಮೇಲಿನ ಒಂಬತ್ತು ತಿಂಗಳು ಗ್ರಾಹಕರ ಪ್ರಾಜೆಕ್ಟಿನಲ್ಲಿ ದುಡಿದು ತಂದುಕೊಟ್ಟದ್ದೂ ಬರುವುದಿಲ್ಲ. ಎರಡು ಪುಟಗಳನ್ನು ಒಟ್ಟಿಗೆ ಓದದಂತೆ ಕಾಗದವನ್ನು ಜೋಡಿಸಿರುವುದರಿಂದ ಎರಡು ವಸೂಲಿಗಳು ಎರಡು ಬೇರೆ ವಿಷಯಗಳಂತೆ ಕಾಣುತ್ತವೆ.

ಇಲ್ಲಿ ಅರ್ಥಶಾಸ್ತ್ರಜ್ಞರೊಡನೆ ಒಂದು ಜಗಳವನ್ನು ತೀರಿಸಿಕೊಳ್ಳಲೇಬೇಕು. ಬಾಂಡಿನ ಪರ ಮಾತಾಡುವವರು ಹೆಚ್ಚಾಗಿ ಕರೆತರುವುದು ಗ್ಯಾರಿ ಬೆಕರ್‌ನನ್ನು. 1964ರ ತನ್ನ ಪುಸ್ತಕದಲ್ಲಿ ಬೆಕರ್ ತರಬೇತಿಯನ್ನು ಎರಡಾಗಿ ವಿಂಗಡಿಸಿದ: ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ಸಾಮಾನ್ಯ ಕೌಶಲ, ಆ ಒಂದು ಸಂಸ್ಥೆಯಲ್ಲಿ ಮಾತ್ರ ಉಪಯೋಗಕ್ಕೆ ಬರುವ ವಿಶಿಷ್ಟ ಕೌಶಲ. ಸಾಮಾನ್ಯ ಕೌಶಲ ಕಲಿತವನನ್ನು ಪಕ್ಕದ ಕಂಪನಿ ಹೆಚ್ಚು ಸಂಬಳ ಕೊಟ್ಟು ಎಳೆದುಕೊಳ್ಳಬಹುದಾದ್ದರಿಂದ ಅದರ ಖರ್ಚನ್ನು ಕಂಪನಿ ಹೊರುವುದಿಲ್ಲ ಎಂದ. ಇಷ್ಟಕ್ಕೆ ನಿಲ್ಲಿಸಿ, ನೋಡಿ, ಅದಕ್ಕೇ ಬಾಂಡು ಬೇಕು ಎನ್ನುತ್ತಾರೆ ನಮ್ಮವರು. ಬೆಕರ್ ಅಲ್ಲಿಗೆ ನಿಲ್ಲಿಸಲಿಲ್ಲ. ಆ ಖರ್ಚನ್ನು ಕಲಿಯುವವನೇ ತರಬೇತಿ ಕಾಲದಲ್ಲಿ ಕಡಿಮೆ ಸಂಬಳ ಪಡೆಯುವ ಮೂಲಕ ಹೊರುತ್ತಾನೆ ಎಂಬುದು ಅವನ ವಾದದ ಇನ್ನೊಂದು ಅರ್ಧ. ಅವನ ಮಾತನ್ನು ಪೂರ್ತಿ ಒಪ್ಪಿದರೆ ತರಬೇತಿ ಮುಗಿದ ದಿನವೇ ಲೆಕ್ಕ ಚುಕ್ತಾ ಆಗಿರುತ್ತದೆ, ಬಾಂಡಿಗೆ ಉಳಿದ ಬಾಕಿಯೇ ಇರುವುದಿಲ್ಲ. ವಿಶಿಷ್ಟ ಕೌಶಲದ ವಿಚಾರದಲ್ಲಿ ಬಾಂಡು ಇನ್ನೂ ಅನಗತ್ಯ; ಆ ಕಂಪನಿಯದೇ ಟೂಲು, ಆ ಕಂಪನಿಯದೇ ಪ್ರೊಸೆಸ್ ಕಲಿತವನಿಗೆ ಹೊರಗಿನ ಮಾರುಕಟ್ಟೆ ಅದಕ್ಕೆಂದು ಹೆಚ್ಚು ಕೊಡುವುದಿಲ್ಲ. ಮೊದಲ ತಿಂಗಳುಗಳ ತರಬೇತಿಯಲ್ಲಿ ಕಂಪನಿಯ ಗೋಪ್ಯತೆಯ ನಿಯಮ, ಟೈಮ್‌ಶೀಟ್, ಆಂತರಿಕ ತಂತ್ರಾಂಶ, ಗ್ರಾಹಕರೊಡನೆ ನಡೆದುಕೊಳ್ಳುವ ರೀತಿ ಇವೆಲ್ಲವೂ ಸೇರಿರುತ್ತವೆ. ಇವುಗಳ ಪೂರ್ತಿ ಖರ್ಚನ್ನು ನೌಕರನ ತಲೆಗೆ ಕಟ್ಟುವುದನ್ನು ಬೆಕರ್‌ನ ಯಾವ ಓದೂ ಸಮರ್ಥಿಸುವುದಿಲ್ಲ.

ಬೆಕರ್‌ನ ನಂತರ ಬಂದ ಕೆಲಸವನ್ನಂತೂ ಈ ವಾದಿಗಳು ಮುಟ್ಟುವುದೇ ಇಲ್ಲ. ಡಾರನ್ ಅಸೆಮೊಗ್ಲು ಮತ್ತು ಯೋರ್ನ್-ಸ್ಟೆಫೆನ್ ಪಿಶ್ಕೆ 1990ರ ದಶಕದ ಕೊನೆಗೆ ಜರ್ಮನಿಯ ಅಪ್ರೆಂಟಿಸ್ ಪದ್ಧತಿಯನ್ನು ಮುಂದಿಟ್ಟುಕೊಂಡು ಕೇಳಿದ ಪ್ರಶ್ನೆ, ಸಾಮಾನ್ಯ ಕೌಶಲವನ್ನೂ ಕಂಪನಿಗಳು ಸ್ವಂತ ಖರ್ಚಿನಲ್ಲಿ ಕಲಿಸುವುದೇಕೆ ಎಂಬುದು. ಉದ್ಯೋಗ ಮಾರುಕಟ್ಟೆ ಪುಸ್ತಕದಲ್ಲಿರುವಷ್ಟು ಮುಕ್ತವಲ್ಲ. ಕಲಿಸಿದ ಮಾಲೀಕನಿಗೆ ತನ್ನ ಹುಡುಗನ ಸಾಮರ್ಥ್ಯ ಹೊರಗಿನವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೌಶಲ ಹೆಚ್ಚಿದಷ್ಟು ಸಂಬಳ ಹೆಚ್ಚುವುದಿಲ್ಲ, ಆ ಅಂತರ ಮಾಲೀಕನ ಲಾಭ. ಆ ಲಾಭವೇ ಕಲಿಸಲು ಸಾಕಷ್ಟು ಪ್ರೇರಣೆ ಎಂಬುದು ಅವರ ಉತ್ತರ. ನಮ್ಮ ಐಟಿ ಸೇವಾ ಕಂಪನಿಗಳ ವ್ಯವಹಾರವೂ ಈ ಅಂತರದ ಮೇಲೆಯೇ ನಿಂತಿದೆ: ಹೊಸಬನ ಗಂಟೆಗೆ ಗ್ರಾಹಕನಿಂದ ಪಡೆಯುವ ದರಕ್ಕೂ ಹೊಸಬನಿಗೆ ಕೊಡುವ ಸಂಬಳಕ್ಕೂ ನಡುವಿನ ಅಂತರ. ತರಬೇತಿ ಆ ವ್ಯವಹಾರದ ಬಂಡವಾಳ. ಮಗ್ಗಕ್ಕೆ ಹಾಕಿದ ದುಡ್ಡನ್ನು ನೇಕಾರನ ಕೂಲಿಯಿಂದ ಹಿಡಿಯುವುದು ಹೇಗೆ ಸಲ್ಲದೋ ಈ ಬಂಡವಾಳವನ್ನು ನೌಕರನಿಂದ ಹಿಡಿಯುವುದೂ ಹಾಗೆಯೇ ಸಲ್ಲದು. ಬಾಂಡು ನಿಂತರೆ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನೇ ಬಿಡುತ್ತವೆ ಎಂಬ ಹೆದರಿಕೆಗೂ ಉತ್ತರ ಇದರಲ್ಲೇ ಇದೆ. ಹೊಸಬರನ್ನು ತೆಗೆದುಕೊಳ್ಳುವುದು ಉಪಕಾರಕ್ಕಾಗಿ ಅಲ್ಲ, ಅನುಭವಿಗಳಿಗಿಂತ ಅವರು ಅಗ್ಗ ಎಂಬ ಕಾರಣಕ್ಕೆ. ಆ ಕಾರಣ ಬಾಂಡಿದ್ದರೂ ಇರುತ್ತದೆ, ಇಲ್ಲದಿದ್ದರೂ ಇರುತ್ತದೆ.

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ, ನಮ್ಮದೇ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಇದಕ್ಕೊಂದು ಸಮತೂಕದ ಮಾದರಿ ಇದೆ. ಕರಾರು ಮುರಿದದ್ದು ಅಪ್ರೆಂಟಿಸ್‌ನ ತಪ್ಪಿನಿಂದಾದರೆ ಅವನು ತರಬೇತಿ ವೆಚ್ಚ ಹಿಂತಿರುಗಿಸಬೇಕು. ಆದರೆ ಮೊತ್ತವನ್ನು ಹೇಳುವವನು ಮಾಲೀಕನಲ್ಲ, ಸರ್ಕಾರ ನೇಮಿಸಿದ ಅಪ್ರೆಂಟಿಸ್‌ಶಿಪ್ ಸಲಹೆಗಾರ. ಮುರಿದದ್ದು ಮಾಲೀಕನ ತಪ್ಪಿನಿಂದಾದರೆ ಮಾಲೀಕ ಅಪ್ರೆಂಟಿಸ್‌ಗೆ ಪರಿಹಾರ ಕೊಡಬೇಕು. ತರಬೇತಿ ಮುಗಿದ ಮೇಲೆ ಇಲ್ಲೇ ಕೆಲಸ ಮಾಡಬೇಕೆಂಬ ಷರತ್ತನ್ನೂ ಕಾಯ್ದೆಯ ಸೆಕ್ಷನ್ 22 ಒಪ್ಪುತ್ತದೆ, ಆದರೆ ಎರಡೂ ಕಡೆಯನ್ನು ಕಟ್ಟಿಹಾಕಿ: ಅಪ್ರೆಂಟಿಸ್ ಸೇವೆ ಸಲ್ಲಿಸಲು ಬದ್ಧನಾದರೆ ಮಾಲೀಕನೂ ಕೆಲಸ ಕೊಡಲು ಬದ್ಧ. ಅವಧಿಯಾಗಲಿ ಸಂಬಳವಾಗಲಿ ನ್ಯಾಯವಲ್ಲ ಎನಿಸಿದರೆ ಸಲಹೆಗಾರ ಅದನ್ನು ತಿದ್ದಬಹುದು. ಈ ಕಾಯ್ದೆಯೂ ಉದಾರವೇನಲ್ಲ. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 5 ಸಾವಿರದಿಂದ 9 ಸಾವಿರ. ಪದವೀಧರನೊಬ್ಬ 9 ಸಾವಿರದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿದರೆ ಊಟಕ್ಕೆ ಉಳಿಯುವುದಿಲ್ಲ. ಆದರೂ ಕಾಯ್ದೆಯ ಬೆನ್ನೆಲುಬು ಗಟ್ಟಿಯಾಗಿದೆ: ಹೊಣೆ ಎರಡು ಕಡೆಗೂ, ಲೆಕ್ಕ ಮೂರನೆಯವರ ಕೈಯಲ್ಲಿ. ಇವತ್ತಿನ ಖಾಸಗಿ ತರಬೇತಿ ಬಾಂಡು ಹಣ ಹಿಂತಿರುಗಿಸುವ ಭಾಗವನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಎಲ್ಲವನ್ನೂ ಬಿಟ್ಟಿದೆ.

ಹೊಣೆ ಒಂದೇ ಕಡೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಿಂದ ಬಂದ ಸುದ್ದಿಯನ್ನು ನೆನೆಯಬಹುದು. ಮೂರು ಅವಕಾಶಗಳಲ್ಲೂ ಆಂತರಿಕ ಪರೀಕ್ಷೆ ಪಾಸಾಗದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಂಪನಿ ಕಳುಹಿಸಿತು. ಪಾಸಾಗದಿದ್ದರೆ ಮುಂದುವರಿಸುವುದಿಲ್ಲ ಎಂಬ ಷರತ್ತು ಕರಾರಿನಲ್ಲೇ ಇತ್ತು ಎಂದು ಹೇಳಿತು. ಅವರಲ್ಲಿ ಅನೇಕರು 2022ರಲ್ಲೇ ಆಫರ್ ಪಡೆದು 2024ರವರೆಗೆ ಸೇರುವ ದಿನಕ್ಕಾಗಿ ಕಾದವರು. ನನ್ನ ಮಾತು ಆ ಒಂದು ಕಂಪನಿಯ ಪರೀಕ್ಷೆ ಸರಿಯೋ ತಪ್ಪೋ ಎಂಬುದರ ಬಗ್ಗೆ ಅಲ್ಲ. ಆಫರ್ ಕೊಟ್ಟು ವರ್ಷಗಟ್ಟಲೆ ಕಾಯಿಸಿದ ಕಾಲಕ್ಕೆ ಬೆಲೆ ಕಟ್ಟುವ ಷರತ್ತು ನಮ್ಮ ಆಫರ್ ಲೆಟರ್‌ಗಳಲ್ಲಿ ಇರುವುದಿಲ್ಲ. ಕಂಪನಿಯೇ ಕೈಬಿಟ್ಟರೆ ಕಲಿಯಲು ಕಳೆದ ತಿಂಗಳುಗಳಿಗೆ ಪರಿಹಾರವೇನು ಎಂಬ ಷರತ್ತೂ ಇರುವುದಿಲ್ಲ. ನೌಕರ ಬಿಟ್ಟರೆ ಎಷ್ಟು ಎಂಬುದು ಮಾತ್ರ ಅಂಕಿ ಅಕ್ಷರ ಎರಡರಲ್ಲೂ ಇರುತ್ತದೆ. ಇದನ್ನು ಪರಸ್ಪರ ಒಪ್ಪಂದ ಎಂದು ಕರೆಯಲು ನನಗೆ ಮನಸ್ಸು ಒಪ್ಪದು.

ಬೇರೆ ಕಡೆ ಕಾನೂನು ಈ ಪ್ರಶ್ನೆಯನ್ನು ಸಂಬಳದ ಪ್ರಶ್ನೆಯಾಗಿಯೇ ಎತ್ತಿಕೊಂಡಿದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದ 13ನೇ ವಿಧಿಯ ಪ್ರಕಾರ, ಕೆಲಸಕ್ಕಾಗಿ ಕೊಡಲೇಬೇಕೆಂದು ಕಾನೂನು ಅಥವಾ ಸಾಮೂಹಿಕ ಒಪ್ಪಂದ ಹೇಳುವ ತರಬೇತಿಗೆ ನೌಕರನಿಂದ ಹಣ ಪಡೆಯುವಂತಿಲ್ಲ, ಆ ಸಮಯ ಕೆಲಸದ ಸಮಯವೆಂದೇ ಲೆಕ್ಕ. ಕ್ಯಾಲಿಫೋರ್ನಿಯಾ 2025ರಲ್ಲಿ ಇನ್ನೂ ಮುಂದೆ ಹೋಗಿ, 2026ರ ಜನವರಿ 1ರಿಂದ ಮಾಡಿಕೊಳ್ಳುವ ಕರಾರುಗಳಲ್ಲಿ ಕೆಲಸ ಬಿಟ್ಟರೆ ಹಣ ಕಟ್ಟು ಎಂಬ ಬಗೆಯ ಷರತ್ತುಗಳನ್ನು, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿತು. ನಮ್ಮಲ್ಲಿ ಅಷ್ಟು ಸ್ಪಷ್ಟ ನಿಯಮವಿಲ್ಲ, ಆದರೆ ಏನೂ ಇಲ್ಲ ಎಂದಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಸಂಬಳದಿಂದ ಯಾವ ಯಾವ ಬಾಬಿಗೆ ಹಣ ಹಿಡಿಯಬಹುದೆಂದು ಪಟ್ಟಿ ಮಾಡುತ್ತದೆ; ತರಬೇತಿ ಬಾಂಡು ಆ ಪಟ್ಟಿಯಲ್ಲಿ ಹೆಸರಿಸಿದ ಬಾಬಲ್ಲ. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆನ್ನುತ್ತದೆ. ನೌಕರ ಎಂಬ ವ್ಯಾಖ್ಯೆಯಿಂದ ಅದು ಹೊರಗಿಟ್ಟ ಕಲಿಕೆಯವರು 1961ರ ಕಾಯ್ದೆಯಡಿ ನೋಂದಾದ ಅಪ್ರೆಂಟಿಸ್‌ಗಳು ಮಾತ್ರ. ಕಂಪನಿ ತಾನಾಗಿ ಟ್ರೈನಿ ಎಂದು ಹೆಸರಿಟ್ಟವರು ಆ ಪದಗಳಿಂದ ಹೊರಗೆ ಬೀಳುವುದಿಲ್ಲ. ನೇಮಕಾತಿ ಪತ್ರ ಕೊಡುವುದೂ ಈಗ ಕಡ್ಡಾಯ. ವಿಜಯಾ ಬ್ಯಾಂಕ್ ತೀರ್ಪನ್ನು ಹೊಗಳಿ ಬರೆದವರು ಈ ನಿಯಮಗಳ ಪಕ್ಕದಲ್ಲಿಟ್ಟು ಅದನ್ನು ಮತ್ತೊಮ್ಮೆ ಓದಬೇಕು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಗಟ್ಟಿಯಾದದ್ದೇ. ಕೆಲಸಕ್ಕಾಗಿ ಸಾವಿರ ಜನ ಕಾಯುತ್ತಿರುವಾಗ ಹೊಸಬನೊಬ್ಬ ಎಚ್‌ಆರ್ ಮುಂದೆ ಕೂತು ಚೌಕಾಸಿ ಮಾಡುವುದಾದರೂ ಹೇಗೆ? ಮೊದಲ ಕೆಲಸದಲ್ಲಿ ದುಡ್ಡಿನ ಮಾತೆತ್ತಬೇಡಿ, ಕಲಿಯುವುದನ್ನು ನೋಡಿ ಎಂಬ ಉಪದೇಶ ಹುಟ್ಟಿರುವುದು ಈ ಭಯದಿಂದಲೇ. ಆ ಉಪದೇಶ ಕೊಡುವವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ, ಫಲವನ್ನು ಶಂಕಿಸುತ್ತೇನೆ. ಮುಂದಿನ ಕೆಲಸದ ಎಚ್‌ಆರ್ ಮೊದಲು ಕೇಳುವುದೇ ಈಗಿನ ಸಂಬಳ ಎಷ್ಟು ಎಂದು. ಮೊದಲ ಅಂಕಿ ಕೆಳಗಿದ್ದರೆ ಅದರ ಮೇಲೆ ಕಟ್ಟುವ ಎಲ್ಲ ಅಂಕಿಗಳೂ ಕೆಳಗಿರುತ್ತವೆ. ಒಬ್ಬನೇ ಕೇಳಿದರೆ ದನಿ ಸಣ್ಣದು ಎಂಬುದು ನಿಜ. ಆದರೆ ಕ್ಯಾಂಪಸ್ ನೇಮಕಾತಿಯಲ್ಲಿ ಹೊಸಬ ಒಬ್ಬನೇ ಇರುವುದಿಲ್ಲ. ಅವನ ಪರವಾಗಿ ಕಂಪನಿಯೊಡನೆ ಮಾತಾಡುವ ಪ್ಲೇಸ್‌ಮೆಂಟ್ ಸೆಲ್ ಇರುತ್ತದೆ, ಅದರ ಹಿಂದೆ ಇಡೀ ಬ್ಯಾಚು ಇರುತ್ತದೆ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ಎಷ್ಟು ಜನರಿಗೆ ಕೆಲಸ, ಅತಿ ಹೆಚ್ಚು ಪ್ಯಾಕೇಜ್ ಎಷ್ಟು ಎಂಬ ಫಲಕಗಳನ್ನು ಗೇಟಿನ ಮುಂದೆ ಕಟ್ಟುವುದಕ್ಕೆ ತೋರಿಸುವ ಆಸಕ್ತಿಯ ಅರ್ಧದಷ್ಟನ್ನು ಬಾಂಡಿನ ಅನುಬಂಧ ಓದುವುದಕ್ಕೆ ತೋರಿಸಿದರೆ ಚೌಕಾಸಿಗೆ ಬೇಕಾದ ಬಲ ಅಲ್ಲೇ ಇದೆ. ಇನ್ನೂರು ಜನರನ್ನು ಕೊಡಬಲ್ಲ ಕಾಲೇಜು ಒಂದು ಷರತ್ತನ್ನು ತಿದ್ದಿಸಬಲ್ಲದು.

ತಿದ್ದಿಸಬೇಕಾದದ್ದೇನೂ ಅತಿಯಾಸೆಯದಲ್ಲ. ತರಬೇತಿಯ ತಿಂಗಳುಗಳ ಸಂಬಳ ಕಾಯಂ ಸಂಬಳಕ್ಕಿಂತ ಕಡಿಮೆಯಿದ್ದರೆ ಆ ವ್ಯತ್ಯಾಸವನ್ನು ಬಾಂಡಿನ ಮೊತ್ತದಿಂದ ಕಳೆಯಬೇಕು. ಉಳಿದದ್ದು ದುಡಿದ ಪ್ರತಿ ತಿಂಗಳಿಗೂ ಇಳಿಯುತ್ತ ಹೋಗಬೇಕು. ಹೊರಗಿನ ಸಂಸ್ಥೆಗೆ ಕಟ್ಟಿದ ಶುಲ್ಕ, ಸರ್ಟಿಫಿಕೇಷನ್ ಪರೀಕ್ಷೆಯ ಶುಲ್ಕ ಇಂಥವುಗಳ ರಸೀದಿ ತೋರಿಸಬೇಕು. ಕಂಪನಿಯ ತರಬೇತುದಾರರ ಸಂಬಳವನ್ನೂ ಕಟ್ಟಡದ ಬಾಡಿಗೆಯನ್ನೂ ಅದರಲ್ಲಿ ತುರುಕಬಾರದು. ಕಂಪನಿಯೇ ತೆಗೆದರೆ, ಅಥವಾ ಹೇಳಿದ ಕೆಲಸ ಕೊಡದೆ ಬೆಂಚಿನಲ್ಲಿ ಕೂರಿಸಿದರೆ, ಬಾಂಡು ಅಲ್ಲಿಗೇ ಮುಗಿಯಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡು ಯಾರ ಬೀರುವಿಗೂ ಹೋಗಬಾರದು, ರಿಲೀವಿಂಗ್ ಲೆಟರ್ ಬಾಂಡಿನ ಹಣಕ್ಕೆ ಒತ್ತೆಯಾಗಬಾರದು. ಒಬ್ಬೊಬ್ಬರೇ ಸೇರುವವರೂ ಇದನ್ನು ಸೇರುವ ಮೊದಲು ಇಮೇಲಿನಲ್ಲಿ ಕೇಳಬಹುದು: ನನ್ನ ತರಬೇತಿಗೆ ಆಗುವ ಖರ್ಚಿನ ವಿವರ ಕೊಡಿ, ಬಾಂಡಿನ ಮೊತ್ತ ಅದಕ್ಕೆ ಹೇಗೆ ಹೊಂದುತ್ತದೆ ತಿಳಿಸಿ. ಉತ್ತರ ಬಾರದೆ ಹೋಗಬಹುದು. ಕೆಲಸ ಬೇಕಾದ ಕಾರಣಕ್ಕೆ ಅವರು ಸಹಿಯನ್ನೂ ಹಾಕಬಹುದು. ಆದರೆ ಮುಂದೊಂದು ದಿನ ವಸೂಲಿಯ ಲೀಗಲ್ ನೋಟಿಸು ಬಂದಾಗ, ಷರತ್ತನ್ನು ಸಮರ್ಥಿಸುವ ಹೊಣೆ ಮಾಲೀಕರದು ಎಂದು ಹೇಳಿದ ಅದೇ ವಿಜಯಾ ಬ್ಯಾಂಕ್ ತೀರ್ಪಿನ ಪಕ್ಕದಲ್ಲಿ ಇಡಲು ಅವರ ಬಳಿ ತಾರೀಖು ಸಮೇತ ಆ ಇಮೇಲು ಇರುತ್ತದೆ.